ಪ್ರಾಹಾ ನಗರದಲ್ಲಿ ನಾಲ್ಕು ದಿನ

ಅಪರಿಚಿತವಾದ ಊರನ್ನು ಹಗಲಿರುವಾಗಲೇ ಸೇರಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರ ಮಾತನ್ನು ನಾವು ಅಕ್ಷರಶಃ ನಡೆಸಿದೆವು. ಆದರೂ ದಾರಿ ತಪ್ಪಿದೆವು. ಪ್ರಾಗ್ ಎಂದು ಲೋಕವೂ ಪ್ರಾಹಾ ಎಂದು ಅಲ್ಲಿನ ಜನರೂ ಕರೆಯುವ ಆ ರಾಜಧಾನಿಯಲ್ಲಿ ಮೇ ತಿಂಗಳ ಕೊನೆಗೆ ಸೂರ್ಯನು ಅಸ್ತಮಿಸುವುದು ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ. ಆದುದರಿಂದ ದಾರಿ ತಪ್ಪುವುದಕ್ಕೆ ಬೇಕಾದಷ್ಟು ಹಗಲು ನಮಗೆ ದೊರೆಯಿತು.

ನಾವು ಹೋದುದು 2024ನೆಯ ಇಸವಿ ಮೇ 27ರಂದು. ಜರ್ಮನಿಯ ಮ್ಯೂನಿಕ್ ಪಟ್ಟಣದಲ್ಲಿ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಳಿಯನೂ ಮಗಳೂ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾವೂ ಒಂದು ಬೆಕ್ಕೂ ಮಾತ್ರ. ಪ್ರಾಗಿಗೆ ಹೋಗಬೇಕೆಂಬ ಆಸೆ ಹಳೆಯದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ. ನಮ್ಮ ಮನೆಯವರು ಇದ್ದಿದ್ದರೆ ಇಬ್ಬರೂ ಕೂಡಿ ಹೋಗುವುದೆಂದು ನಿಶ್ಚಯವಾಗಿತ್ತು. ಅವರು ಹಿಂದಿನ ವರ್ಷದ ಕಾರ್ತಿಕದಲ್ಲಿ ತೀರಿಕೊಂಡರು. ಒಬ್ಬರೇ ಹೊರಡುತ್ತೇವೆಂದಾಗ ಮಗಳು ಒಪ್ಪಲಿಲ್ಲ. "ಅಪ್ಪಾ, ನಿಮಗೆ ಆ ಭಾಷೆ ಒಂದಕ್ಷರವೂ ಬಾರದು, ಅಲ್ಲಿ ಯೂರೋ ನಾಣ್ಯವೂ ನಡೆಯದು" ಎಂದಳು. ಮೂವತ್ತಮೂರು ವರ್ಷ ಹುಡುಗರಿಗೆ ಧೈರ್ಯದ ವಿಷಯವಾಗಿ ಉಪದೇಶ ಮಾಡಿದ ಮೇಷ್ಟರು ಈ ಮಾತಿಗೆ ಹಿಮ್ಮೆಟ್ಟುವುದು ಹೇಗೆ? ಪಿಂಚಣಿಯ ಹಣದಲ್ಲಿ ನಾಲ್ಕು ರಾತ್ರಿಗಳಿಗೆ ಆಗುವಷ್ಟನ್ನು ಎಣಿಸಿಟ್ಟುಕೊಂಡು, ಆರು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಅಗ್ಗದ ವಸತಿಗೃಹದಲ್ಲಿ ಒಂದು ಹಾಸಿಗೆಯನ್ನು ಗೊತ್ತುಮಾಡಿಸಿಕೊಂಡು, ಕೈಚೀಲವೊಂದನ್ನು ಹಿಡಿದು ರೈಲು ಹತ್ತಿದೆವು. ಒಂದು ಕಾಲಕ್ಕೆ ಅವಳನ್ನು ಬೆಂಗಳೂರಿನ ಕಾಲೇಜಿಗೆ ಕಳುಹಿಸುವಾಗ ನಾವು ಕಿಟಕಿಯ ಹೊರಗೆ ನಿಂತು ಯಾವ ಯಾವ ಮಾತುಗಳನ್ನು ಹೇಳಿದ್ದೆವೋ ಅವನ್ನೆಲ್ಲ ಅವಳು ಅದೇ ಕ್ರಮದಲ್ಲಿ ನಮಗೆ ಹೇಳಿದಳು.

ಸುಮಾರು ಆರು ಗಂಟೆಗಳ ದಾರಿ. ರೇಗೆನ್ಸ್‌ಬುರ್ಗ್ ಎಂಬಲ್ಲಿ ಡಾನ್ಯೂಬ್ ನದಿಯನ್ನು ದಾಟಿ, ಕಾಡುಗುಡ್ಡಗಳ ನಡುವೆ ಗಡಿಯನ್ನು ಕಳೆದು, ಪಿಲ್ಸೆನ್ ಪಟ್ಟಣದ ಮೇಲೆ ಗಾಡಿ ಹೋಗುತ್ತದೆ. ಗಡಿಯಲ್ಲಿ ರಹದಾರಿಯನ್ನು ಆ ದಿನ ಯಾರೂ ಕೇಳಲಿಲ್ಲ. ಬೋರ್ಡುಗಳ ಮೇಲಿನ ಅಕ್ಷರಗಳ ನೆತ್ತಿಯಲ್ಲಿ ಚುಕ್ಕೆಗಳೂ ಕೊಂಬುಗಳೂ ಮೂಡಿದುದರಿಂದ ಮಾತ್ರ ದೇಶ ಬದಲಾಯಿತೆಂದು ತಿಳಿಯಿತು. ಮುಖ್ಯ ನಿಲ್ದಾಣಕ್ಕೆ ಅವರ ಭಾಷೆಯಲ್ಲಿ 'ಹ್ಲಾವ್ನೀ ನಾದ್ರಾಜೀ' ಎಂದು ಹೆಸರು. ಗಾಡಿಯಲ್ಲಿ ಅದನ್ನು ಕೂಗಿದಾಗ ಯಾರೋ ಸಂಗೀತ ವಿದ್ವಾಂಸರ ಬಿರುದನ್ನು ಕೇಳಿದಂತಾಯಿತು. 'ಪ್ರಾಹಾ' ಎಂಬುದಂತೂ ಸಂಸ್ಕೃತ ಓದಿದವರ ಕಿವಿಗೆ 'ಹೇಳಿದನು' ಎಂದೇ ಕೇಳುತ್ತದೆ. ಹೊಸ್ತಿಲು ಎಂಬ ಅರ್ಥದ 'ಪ್ರಾಹ್' ಎಂಬ ತಮ್ಮ ಶಬ್ದದಿಂದ ಈ ಹೆಸರು ಬಂತೆಂದು ಅಲ್ಲಿನವರ ನಂಬಿಕೆ.

ಐದೂವರೆಗೆ ಇಳಿದೆವು. ಜನರೆಲ್ಲ ಸುರಂಗದ ಮೆಟ್ಟಿಲುಗಳಲ್ಲಿ ಕರಗಿಹೋದರು. ಎತ್ತ ಹೋಗಬೇಕೆಂದು ತಿಳಿಯದೆ ಒಂದನೆಯ ಪ್ಲಾಟ್‌ಫಾರಮ್ಮಿಗೆ ಬಂದಾಗ ಅಲ್ಲೊಂದು ಕಂಚಿನ ಪ್ರತಿಮೆಯನ್ನು ಕಂಡೆವು. ಕನ್ನಡಕ ಹಾಕಿದ ಗಂಡಸು, ತೋಳಿನಲ್ಲಿ ಒಂದು ಮಗು, ಪಕ್ಕದಲ್ಲಿ ಒಬ್ಬ ಹುಡುಗಿ, ಒಂದು ಪೆಟ್ಟಿಗೆ. ನಿಕೊಲಸ್ ವಿಂಟನ್ ಎಂಬ ಇಂಗ್ಲಿಷ್ ಮಹನೀಯರ ನೆನಪಿಗಾಗಿ 2009ರ ಸೆಪ್ಟೆಂಬರ್ 1ರಂದು ಅದನ್ನು ಅಲ್ಲಿ ನಿಲ್ಲಿಸಿದ್ದಾರೆ. 1939ರಲ್ಲಿ, ಹಿಟ್ಲರನ ಸೈನ್ಯ ಪ್ರಾಗನ್ನು ಹಿಡಿದ ಮೇಲೆ, ಇದೇ ನಿಲ್ದಾಣದಿಂದ ಹೊರಟ ಗಾಡಿಗಳಲ್ಲಿ 669 ಮಕ್ಕಳನ್ನು, ಬಹುತೇಕ ಯೆಹೂದ್ಯರ ಮಕ್ಕಳನ್ನು, ಇಂಗ್ಲೆಂಡಿಗೆ ಸಾಗಿಸುವುದಕ್ಕೆ ಆತನೂ ಆತನ ಸಂಗಡಿಗರೂ ಏರ್ಪಾಡು ಮಾಡಿದರು. ಕೊನೆಯ ಗಾಡಿ ಸೆಪ್ಟೆಂಬರ್ 1ರಂದು ಹೊರಡಬೇಕಾಗಿತ್ತು. ಆ ದಿನವೇ ಯುದ್ಧವು ಪ್ರಾರಂಭವಾದುದರಿಂದ ಅದು ಹೊರಡಲಿಲ್ಲ. ಅದರಲ್ಲಿ ಹೋಗಬೇಕಾಗಿದ್ದ ಮಕ್ಕಳು ಸುಮಾರು 250.

ಅಲ್ಲಿ ಇನ್ನೊಂದು ಸ್ಮಾರಕವೂ ಇದೆ: ರೈಲುಗಾಡಿಯ ಒಂದು ಬಾಗಿಲು. ಗಾಜಿನಲ್ಲಿ ಒಂದು ಕಡೆ ಮಕ್ಕಳ ಅಂಗೈಗಳೂ ಇನ್ನೊಂದು ಕಡೆ ತಾಯಿತಂದೆಗಳ ಅಂಗೈಗಳೂ ಅಚ್ಚಾಗಿವೆ. ಅದನ್ನು 2017ರಲ್ಲಿ ಇರಿಸಿದರಂತೆ. ಬೆಳಗ್ಗೆ ನಮ್ಮ ಮಗಳು ಕಿಟಕಿಯ ಗಾಜಿನ ಮೇಲೆ ಕೈಯಿಟ್ಟಿದ್ದಳು. ನಾವು ಅಲ್ಲಿಯೇ ಒಂದು ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತೆವು. ಊರು ನೋಡುವ ಉತ್ಸಾಹವೂ ಹೊಸ ಊರಿನ ಭಯವೂ ಆಗ ಎರಡೂ ಇರಲಿಲ್ಲ.

ಹೊರಗೆ ಬಂದ ಮೇಲೆ ಮಾಡಿದ ಮೊದಲನೆಯ ಕೆಲಸವೇ ತಪ್ಪು. ಹಣ ಬದಲಾಯಿಸುವ ಒಂದು ಅಂಗಡಿಯ ಮೇಲೆ 'ದಲ್ಲಾಳಿ ಸೊನ್ನೆ' ಎಂಬ ಅರ್ಥದಲ್ಲಿ ದೊಡ್ಡಕ್ಷರಗಳಲ್ಲಿ ಬರೆದಿತ್ತು. ದಲ್ಲಾಳಿಯೇ ಇಲ್ಲವೆಂದ ಮೇಲೆ ಧರ್ಮಾತ್ಮರೇ ಇರಬೇಕೆಂದು ಐವತ್ತು ಯೂರೋಗಳನ್ನು ಕೊಟ್ಟು, ಕೊಟ್ಟಷ್ಟು ಕೊರುನಾಗಳನ್ನು ಎಣಿಸದೆ ಜೇಬಿಗೆ ಹಾಕಿಕೊಂಡೆವು. ಆಗ ಆರೂಕಾಲು ಗಂಟೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ನಮ್ಮ ವಸತಿಗೃಹವಿದ್ದುದು ಜಿಜ್‌ಕೋವ್ ಎಂಬ ಏರುಬೀದಿಗಳ ಬಡಾವಣೆಯಲ್ಲಿ. ನಿಲ್ದಾಣದಿಂದ ಇಪ್ಪತ್ತು ನಿಮಿಷದ ನಡಿಗೆ. ಮಗಳು ಕೊಟ್ಟ ವಿಳಾಸದಲ್ಲಿ ಮನೆಯ ಸಂಖ್ಯೆ ಒಂದು ಅಡ್ಡಗೆರೆಯೊಡನೆ ಎರಡು ಭಾಗವಾಗಿತ್ತು. ನಮ್ಮ ಕಡೆ ಅಡ್ಡಗೆರೆಯ ಆಚೆ ಬರೆಯುವುದು ಹಿತ್ತಲ ಮನೆಯದೋ ಪಾಲಾದ ಭಾಗದ್ದೋ ಸಂಖ್ಯೆಯಲ್ಲವೆ? ಅದು ಬೇಡವೆಂದು ಮೊದಲನೆಯದಾದ 812ನ್ನು ಮಾತ್ರ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆವು. ಬೀದಿಯೇನೋ ಸಿಕ್ಕಿತು. ನೀಲಿಯ ತಗಡುಗಳಲ್ಲಿ ಒಂದು ಪಕ್ಕದಲ್ಲಿ ಬೆಸಸಂಖ್ಯೆಗಳೂ ಇನ್ನೊಂದು ಪಕ್ಕದಲ್ಲಿ ಸಮಸಂಖ್ಯೆಗಳೂ ಕ್ರಮವಾಗಿ ಏರುತ್ತ ಹೋಗಿ, ಅರವತ್ತರ ಹತ್ತಿರ ಬೀದಿಯೇ ಮುಗಿದುಹೋಯಿತು. 812 ಎಲ್ಲಿ? ಇದೇ ಹೆಸರಿನ ಉದ್ದವಾದ ಬೀದಿ ಇನ್ನೊಂದಿರಬೇಕೆಂದು ಮೇಲಕ್ಕೂ ಕೆಳಕ್ಕೂ ನಡೆದೆವು. ದಾರಿಯ ಕಾಡುಗಳ ಚಿತ್ರ ತೆಗೆದು ತೆಗೆದು ಮೊಬೈಲು ಫೋನಿನ ವಿದ್ಯುತ್ತು ಮುಗಿದಿತ್ತು. ಕೇಳೋಣವೆಂದರೆ ಇಂಗ್ಲಿಷು ಬಲ್ಲವರು ಯಾರೂ ಎದುರಾಗಲಿಲ್ಲ. ಏಳೂವರೆಯಾಯಿತು. ಮೊಣಕಾಲು ನೋಯುತ್ತಿತ್ತು. ಒಂದು ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆವು. ಮಗಳು ಈ ಹೊತ್ತಿಗೆ ಎಷ್ಟು ಸಲ ಫೋನು ಮಾಡಿರುವಳೋ ಎಂದು ಎದೆ ಕುಟ್ಟುತ್ತಿತ್ತು.

ಆಗ ಒಂದು ಸಣ್ಣ ನಾಯಿಯನ್ನು ಕರೆದುಕೊಂಡು ಒಬ್ಬ ವೃದ್ಧೆ ಬಂದರು. ನಾವು ಎದ್ದು ಟಿಪ್ಪಣಿ ಪುಸ್ತಕವನ್ನು ತೋರಿಸಿದೆವು. ಆಕೆ ನಮ್ಮ ಚೀಲವನ್ನು ನೋಡಿ, "ಹೊಸ್ತೆಲ್?" ಎಂದರು. ತಲೆಯಾಡಿಸಿದೆವು. ಆಕೆ ನಕ್ಕು, ನಾವು ಕುಳಿತಿದ್ದ ಮನೆಯ ಬಾಗಿಲ ಬಳಿಗೆ ಹೋಗಿ, ನೀಲಿಯ ತಗಡಿನ ಪಕ್ಕದಲ್ಲಿದ್ದ ಕೆಂಪು ತಗಡನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಅದರಲ್ಲಿಯೂ ಒಂದು ಸಂಖ್ಯೆ! ಪಕ್ಕದ ಮನೆಯ ಕೆಂಪು ತಗಡಿನಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಬೇರೊಂದು ಸಂಖ್ಯೆ. ಆಮೇಲೆ ಆಕೆ ಬೀದಿಯ ಮೇಲುಭಾಗದ ಕಡೆ ಕೈ ಚಾಚಿ, ಬಾಗಿಲುಗಳನ್ನು ಬೆರಳಿನಿಂದ ಎಣಿಸಿದರು: "ಯೆದ್ನಾ, ದ್ವಾ, ತ್ರ್ಶಿ, ಚ್ತಿರ್ಶಿ, ಪ್ಯೆತ್."

ನಮಗೆ ರೋಮಾಂಚವಾಯಿತೆಂದರೆ ವಾಚಕರು ನಗಬಾರದು. 'ದ್ವೌ' ಎಂಬುದಕ್ಕೆ ವೇದಭಾಷೆಯಲ್ಲಿ 'ದ್ವಾ' ಎಂಬ ರೂಪವುಂಟೆಂದು ನಾವು ಎಷ್ಟು ವರ್ಷ ಪಾಠ ಹೇಳಿದ್ದೆವು! ಅದು ಪುಸ್ತಕದ ಹೊರಗೆ, ಒಬ್ಬ ಮುದುಕಿಯ ಬಾಯಲ್ಲಿ, ನಾಯಿಯನ್ನು ಅಡ್ಡಾಡಿಸುವ ಹೊತ್ತಿನಲ್ಲಿ ಕೇಳೀತೆಂದು ಎಂದಾದರೂ ಎಣಿಸಿದ್ದೆವೆ? ನಾವೂ ಬೆರಳೆತ್ತಿ, "ಏಕಮ್, ದ್ವಾ, ತ್ರಿ, ಚತುರ್, ಪಂಚ" ಎಂದೆವು. ಆಕೆ ಒಂದು ಕ್ಷಣ ನಮ್ಮನ್ನು ದಿಟ್ಟಿಸಿ ನೋಡಿ, ತಮ್ಮ ಭಾಷೆಯನ್ನು ಇವರು ಬಹಳ ಕೆಟ್ಟದಾಗಿ ಉಚ್ಚರಿಸುತ್ತಾರೆಂದು ತಿಳಿದು, ಪುನಃ ನಿಧಾನವಾಗಿ ಎಣಿಸಿ ತಿದ್ದಿದರು. ಐದನೆಯ ಬಾಗಿಲೇ ನಮ್ಮದು.

ಈ ಎರಡು ತಗಡುಗಳ ಗುಟ್ಟನ್ನು ಆಮೇಲೆ ತಿಳಿದೆವು. 1770ರಲ್ಲಿ ಮರಿಯಾ ತೆರೇಸಾ ರಾಣಿಯ ಆಳ್ವಿಕೆಯಲ್ಲಿ, ಸೈನ್ಯಕ್ಕೆ ಜನರನ್ನು ಸೇರಿಸುವ ಲೆಕ್ಕಕ್ಕಾಗಿ, ಬೊಹೀಮಿಯಾದ ಮನೆಗಳಿಗೆಲ್ಲ ಸಂಖ್ಯೆ ಹಾಕಿಸಿದರು. ಕೆಂಪು ತಗಡಿನದು ಆ ಪದ್ಧತಿಯ ಸಂಖ್ಯೆ. ಬಡಾವಣೆಯಲ್ಲಿ ಮನೆಗಳು ದಾಖಲೆಗೆ ಬಂದ ಕ್ರಮವನ್ನು ಅದು ಅನುಸರಿಸುವುದರಿಂದ ನೆರೆಮನೆಗೂ ನೆರೆಮನೆಗೂ ಹೊಂದಿಕೆಯಿಲ್ಲ. ಬೀದಿಯಲ್ಲಿ ಮನೆಯನ್ನು ಹುಡುಕುವವರಿಗೆ ಬೇಕಾದುದು ನೀಲಿಯ ಸಂಖ್ಯೆ. ವಿಳಾಸದಲ್ಲಿ ಅಡ್ಡಗೆರೆಯ ಆಚೆ ಇರುವುದು ಅದೇ. ನಾವು ಬಿಟ್ಟುಬಂದದ್ದೂ ಅದನ್ನೇ.

ವಸತಿಗೃಹದಲ್ಲಿ ಮೊದಲು ಫೋನಿಗೆ ವಿದ್ಯುತ್ತು ಕೊಟ್ಟು ಮಗಳೊಡನೆ ಮಾತನಾಡಿದೆವು. ಅವಳು ಹನ್ನೊಂದು ಸಲ ಕರೆದಿದ್ದಳು. ಬೈಯಲಿಲ್ಲ, ಸುಮ್ಮನೆ "ಊಟ ಆಯಿತೆ?" ಎಂದಳು. ಅದು ಅವಳ ತಾಯಿಯ ರೀತಿ.

ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿದ್ದ ತರುಣನು ವಿದ್ಯಾರ್ಥಿ, ಇಂಗ್ಲಿಷು ಬಲ್ಲವನು. ಬಾಡಿಗೆ ಕೊಡುವುದಕ್ಕೆ ನಾವು ತೆಗೆದ ಹಣವನ್ನೂ ರಸೀದಿಯನ್ನೂ ನೋಡಿ ಹುಬ್ಬೇರಿಸಿದನು. ಸಿಗಬೇಕಾದುದರಲ್ಲಿ ಮುಕ್ಕಾಲು ಪಾಲೂ ನಮಗೆ ಸಿಕ್ಕಿರಲಿಲ್ಲ. ದಲ್ಲಾಳಿ ಸೊನ್ನೆಯೇ ಸರಿ. ದರವನ್ನೇ ಇಳಿಸಿದರೆ ದಲ್ಲಾಳಿ ಏಕೆ ಬೇಕು? ಆದರೆ 2019ರ ಏಪ್ರಿಲಿನಿಂದ ಆ ದೇಶದಲ್ಲಿ ಒಂದು ಕಾನೂನು ಇದೆಯೆಂದು ಅವನು ತಿಳಿಸಿದನು: ಸಾವಿರ ಯೂರೋಗಳವರೆಗಿನ ವಿನಿಮಯವನ್ನು ಮೂರು ಗಂಟೆಗಳೊಳಗಾಗಿ ರಸೀದಿಯೊಡನೆ ಹೋಗಿ ರದ್ದುಮಾಡಿಸಬಹುದು, ಕಾರಣ ಹೇಳಬೇಕಾಗಿಲ್ಲ. ಗಡಿಯಾರ ನೋಡಿದೆವು. ಎಂಟು ಗಂಟೆ. ಇನ್ನೂ ಒಂದೂಕಾಲು ಗಂಟೆಯ ಕಾಲವಿತ್ತು.

ಹೋಗಬೇಕೋ ಬೇಡವೋ ಎಂದು ಹಾಸಿಗೆಯ ಮೇಲೆ ಕುಳಿತು ಯೋಚಿಸಿದೆವು. ಹೋದದ್ದು ಹದಿನಾಲ್ಕು ಹದಿನೈದು ಯೂರೋಗಳಷ್ಟಾದರೂ ನಮ್ಮ ಎಣಿಕೆಯಲ್ಲಿ ಅದು ಎರಡು ದಿನಗಳ ಊಟ. ಕಾಲುನೋವಿಗಿಂತ ಆ ಲೆಕ್ಕವೇ ಬಲವಾಯಿತು. ಇಳಿಜಾರಿನಲ್ಲಿ ಪುನಃ ನಿಲ್ದಾಣದ ಕಡೆಗೆ ನಡೆದು, ರಸೀದಿಯನ್ನೂ ಹಣವನ್ನೂ ಅಂಗಡಿಯ ಕಿಂಡಿಯಲ್ಲಿಟ್ಟು ಕೈಗಡಿಯಾರವನ್ನು ತೋರಿಸಿದೆವು. ಒಳಗಿದ್ದವನು ಒಂದು ಮಾತನ್ನೂ ಆಡದೆ ನಮ್ಮ ಐವತ್ತನ್ನು ಹಿಂದಕ್ಕೆ ಕೊಟ್ಟನು. ಅವನಿಗೆ ಇದು ಅಭ್ಯಾಸವಾಗಿದ್ದಿರಬೇಕು. ಹಿಂದಿರುಗುವಾಗ ಸೂರ್ಯನು ಮುಳುಗುತ್ತಿದ್ದನು. ಬೀದಿಯ ಕಲ್ಲುಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಆ ಬೀದಿ ನಮಗೆ ಆಗಲೇ ಪರಿಚಿತವಾಗಿತ್ತು. ಅಷ್ಟು ಹೊತ್ತು ಅದರಲ್ಲಿ ಅಲೆದಿದ್ದೆವಲ್ಲ!

ಮರುದಿನ ಬೆಳಗ್ಗೆ ರೊಟ್ಟಿಯ ಅಂಗಡಿಗೆ ಹೋದೆವು. ವಿದ್ಯಾರ್ಥಿಯು ಕಲಿಸಿದ ಮಂತ್ರ 'ಬೆಜ್ ಮಸಾ' ಎಂದು. 'ಬೆಜ್' ಎಂದರೆ ಇಲ್ಲದೆ, 'ಮಸಾ' ಎಂಬುದು ನಮ್ಮ 'ಮಾಂಸ'ವೇ. ಅಲ್ಲಿನ ರೊಟ್ಟಿಗೆ ಶಾಜೀರಿಗೆಯ ಜಾತಿಯ ಕಾಳನ್ನು ಹಾಕುತ್ತಾರೆ. ಚೀಲದ ಬಾಯಿ ತೆರೆದೊಡನೆ ನಮ್ಮ ಅಡುಗೆಮನೆಯ ಒಗ್ಗರಣೆಯ ನೆನಪಾಯಿತು. ನಾವು ಎರಡು ಬೆರಳು ತೋರಿಸಿ "ದ್ವಾ ಹೌಸ್ಕಿ" ಎಂದೆವು. ಅಂಗಡಿಯ ಹೆಂಗಸು "ದ್ವ್ಯೆ" ಎಂದು ತಿದ್ದಿದಳು. ಸಂಜೆ ವಿದ್ಯಾರ್ಥಿಯನ್ನು ಕೇಳಿದಾಗ ಕಾರಣ ತಿಳಿಯಿತು: 'ಹೌಸ್ಕಾ' ಎಂಬ ಉಂಡೆರೊಟ್ಟಿ ಅವರಲ್ಲಿ ಸ್ತ್ರೀಲಿಂಗ, ಪುಲ್ಲಿಂಗಕ್ಕೆ 'ದ್ವಾ', ಸ್ತ್ರೀಲಿಂಗ ನಪುಂಸಕಲಿಂಗಗಳಿಗೆ 'ದ್ವ್ಯೆ'. ನಮ್ಮಲ್ಲಿ 'ದ್ವೌ' 'ದ್ವೇ' ಎಂಬ ವಿಭಾಗವೂ ಹಾಗೆಯೇ ಅಲ್ಲವೆ! ಕಣ್ಣು, ಕೈ, ಕಾಲುಗಳ ವಿಷಯದಲ್ಲಿ ಹಳೆಯ ದ್ವಿವಚನದ ರೂಪಗಳು ತಮ್ಮ ಭಾಷೆಯಲ್ಲಿ ಇನ್ನೂ ಉಳಿದಿವೆಯೆಂದೂ ಅವನು ಹೇಳಿದನು. ದ್ವಿವಚನವೇಕೆ, ಬಹುವಚನವೊಂದೇ ಸಾಲದೆ ಎಂದು ಪ್ರತಿ ವರ್ಷವೂ ಯಾವನಾದರೊಬ್ಬ ಹುಡುಗನು ನಮ್ಮನ್ನು ಕೇಳುತ್ತಿದ್ದನು. ಸರಿಯಾದ ಉತ್ತರವನ್ನು ನಾವು ಎಂದೂ ಕೊಟ್ಟಿರಲಿಲ್ಲ. ಆ ಬೆಳಗ್ಗೆ ಉದ್ಯಾನದ ಬೆಂಚಿನಲ್ಲಿ ಕುಳಿತು ಒಂದು ರೊಟ್ಟಿಯನ್ನು ತಿಂದು ಇನ್ನೊಂದನ್ನು ಕಾಗದದಲ್ಲಿ ಸುತ್ತಿಟ್ಟೆವು.

ನಗರದ ಪ್ರಸಿದ್ಧ ಸ್ಥಳಗಳನ್ನು ಎಲ್ಲರೂ ವರ್ಣಿಸಿದ್ದಾರೆ; ನಾವು ಎರಡನ್ನು ಮಾತ್ರ ಹೇಳುತ್ತೇವೆ. ಹಳೆಯ ಪುರಭವನದ ಗೋಡೆಯಲ್ಲಿರುವ ಜ್ಯೋತಿಷ ಗಡಿಯಾರವು 1410ರದು. ಗಂಟೆ ಹೊಡೆಯುವಾಗ ಅಸ್ಥಿಪಂಜರವೊಂದು ದಾರವೆಳೆದು ಗಂಟೆ ಬಾರಿಸುವುದನ್ನೂ ಮೇಲಿನ ಕಿಟಕಿಗಳಲ್ಲಿ ಕ್ರಿಸ್ತನ ಶಿಷ್ಯರು ಸುಳಿದುಹೋಗುವುದನ್ನೂ ನೋಡುವುದಕ್ಕೆ ನೂರಾರು ಜನ ಕತ್ತೆತ್ತಿ ನಿಲ್ಲುತ್ತಾರೆ. ಆಟ ಮುಗಿದೊಡನೆ ಚದರಿಹೋಗುತ್ತಾರೆ. ನಿಜವಾದ ಸ್ವಾರಸ್ಯವಿರುವುದು ಮೇಲಿನ ಫಲಕದಲ್ಲಿ. ಅದರಲ್ಲಿ ದ್ವಾದಶ ರಾಶಿಗಳ ಚಕ್ರವೊಂದು ತಿರುಗುತ್ತದೆ; ಸೂರ್ಯಚಂದ್ರರು ಯಾವ ರಾಶಿಯಲ್ಲಿದ್ದಾರೆಂದು ಮುಳ್ಳುಗಳು ತೋರಿಸುತ್ತವೆ. ಸೂರ್ಯಾಸ್ತದಿಂದ ಮೊದಲಾಗಿ ಎಣಿಸುವ ಹಳೆಯ ಬೊಹೀಮಿಯಾದ ಇಪ್ಪತ್ತನಾಲ್ಕು ಗಂಟೆಗಳಿಗೆ ಬೇರೊಂದು ಬಳೆ. ಹಗಲು ಹೆಚ್ಚಾದರೂ ಕಡಿಮೆಯಾದರೂ ಉದಯದಿಂದ ಅಸ್ತದವರೆಗೆ ಹನ್ನೆರಡೇ ಪಾಲು ಮಾಡುವ ಗೆರೆಗಳೂ ಉಂಟು. ರಾಹುಕಾಲವನ್ನು ದಿನಮಾನದ ಎಂಟನೆಯ ಒಂದು ಪಾಲಾಗಿ ಲೆಕ್ಕಹಾಕುವ ನಮ್ಮ ಪಂಚಾಂಗದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮೇ 28ರಂದು ಗಡಿಯಾರದ ಸೂರ್ಯನು ಮಿಥುನದಲ್ಲಿದ್ದನು. ನಮ್ಮ ಪಂಚಾಂಗದ ಸೂರ್ಯನು ಅಂದು ಇನ್ನೂ ವೃಷಭದಲ್ಲಿಯೇ. ಅಯನಾಂಶವು ಸುಮಾರು ಇಪ್ಪತ್ತನಾಲ್ಕು ಅಂಶಗಳಷ್ಟು ಬೆಳೆದಿರುವುದೇ ಇದಕ್ಕೆ ಕಾರಣ. ಪಕ್ಕದಲ್ಲಿದ್ದ ಯಾತ್ರಿಕ ದಂಪತಿಗಳಿಗೆ ಇದನ್ನು ವಿವರಿಸಲು ತೊಡಗಿದೆವು. ಅವರು ವಿನಯದಿಂದ ಕೇಳಿ, ಬೇಗನೆ ಹೊರಟುಹೋದರು.

ಇನ್ನೊಂದು ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿಯ ಸೇತುವೆ. ಹದಿನಾರು ಕಮಾನುಗಳ ಮೇಲೆ 516 ಮೀಟರು ಉದ್ದಕ್ಕೆ ವ್ಲತವಾ ನದಿಯನ್ನು ದಾಟುತ್ತದೆ. 1357ನೆಯ ಇಸವಿ, ಒಂಬತ್ತನೆಯ ತಾರೀಖು, ಏಳನೆಯ ತಿಂಗಳು, ಐದು ಗಂಟೆ ಮೂವತ್ತೊಂದು ನಿಮಿಷಕ್ಕೆ ಅಡಿಗಲ್ಲು ಹಾಕಿದರೆಂದು ಜನರು ಹೇಳುತ್ತಾರೆ. ಅಂಕಿಗಳನ್ನು ಸಾಲಾಗಿ ಬರೆದರೆ 1 3 5 7 9 7 5 3 1. ಗತಪ್ರತ್ಯಾಗತವೆಂಬ ಚಿತ್ರಬಂಧದಂತೆ ಎತ್ತಣಿಂದ ಓದಿದರೂ ಒಂದೇ. ನಿಮಿಷವನ್ನು ಆ ಕಾಲದಲ್ಲಿ ಯಾರು ಅಳೆದರೋ! ಮುಹೂರ್ತದ ಗೀಳು ನಮ್ಮವರಿಗೆ ಮಾತ್ರವೆಂದು ಹಾಸ್ಯಮಾಡುವವರು ಇದನ್ನು ಕೇಳಬೇಕು.

ಇನ್ನು ನಾವು ಹೋದ ಕಾರಣ. ಮೈಸೂರಿನಲ್ಲಿ ನಮಗೆ ಸಂಸ್ಕೃತ ಹೇಳಿದ ಗುರುಗಳಲ್ಲಿ ಮೋರಿಟ್ಸ್ ವಿಂಟರ್ನಿಟ್ಸ್ ಎಂಬ ವಿದ್ವಾಂಸರ ಭಾರತೀಯ ಸಾಹಿತ್ಯ ಚರಿತ್ರೆಯ ಇಂಗ್ಲಿಷು ಅನುವಾದವಿತ್ತು. 1927ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಪ್ರಕಟಿಸಿದ ಮೊದಲನೆಯ ಸಂಪುಟ. ಗೆದ್ದಲು ಹಿಡಿಯದಿರಲೆಂದು ಅದರ ಹಾಳೆಗಳ ನಡುವೆ ಬೇವಿನೆಲೆ ಇಟ್ಟಿರುತ್ತಿದ್ದರು. ವಿಂಟರ್ನಿಟ್ಸರು 1863ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಮ್ಯಾಕ್ಸ್ ಮುಲ್ಲರರ ಋಗ್ವೇದ ಪರಿಷ್ಕರಣಕ್ಕೆ ನೆರವಾದವರು. 1899ರಲ್ಲಿ ಪ್ರಾಗಿನ ಜರ್ಮನ್ ವಿಶ್ವವಿದ್ಯಾನಿಲಯಕ್ಕೆ ಬಂದು 1937ರಲ್ಲಿ ಅಲ್ಲಿಯೇ ತೀರಿಕೊಂಡವರು. ಮಹಾಭಾರತದ ಶುದ್ಧಪಾಠ ಸಿದ್ಧವಾಗಬೇಕೆಂದು 1897ರ ಪ್ಯಾರಿಸ್ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿಯೇ ಒತ್ತಾಯಮಾಡಿ, ದಕ್ಷಿಣದೇಶದ ಗ್ರಂಥಲಿಪಿಯ ಓಲೆಗಳಿಗೆ ಅದರಲ್ಲಿ ಸ್ಥಾನವಿರಬೇಕೆಂದು ತೋರಿಸಿದವರು. ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಕಾರ್ಯದ ಹಿಂದೆ ಈ ಹಂಬಲವೂ ಇತ್ತು. ರವೀಂದ್ರರ ಆಹ್ವಾನದಿಂದ 1922ರಲ್ಲಿ ಶಾಂತಿನಿಕೇತನಕ್ಕೂ ಬಂದಿದ್ದರು. "ನಮ್ಮ ಭಾರತವನ್ನು ಸರಿಪಡಿಸಬೇಕೆಂದು ಹಟ ಹಿಡಿದವನು ಯಾವುದೋ ಹೊಳೆಯ ದಡದಲ್ಲಿ ಚಳಿಯಲ್ಲಿ ಕುಳಿತಿದ್ದ, ಆ ಹೊಳೆಯನ್ನು ನೀನಾದರೂ ನೋಡಿ ಬಾ" ಎಂದು ಗುರುಗಳು ಒಂದು ಸಲ ನಗುತ್ತ ಹೇಳಿದ್ದರು. ಅವರು ನಗುತ್ತ ಹೇಳಿದ್ದನ್ನು ನಾವು ನಲವತ್ತು ವರ್ಷ ಮರೆತಿರಲಿಲ್ಲ.

1348ರಲ್ಲಿ ಸ್ಥಾಪಿತವಾದ ಆ ಪ್ರಾಚೀನ ವಿಶ್ವವಿದ್ಯಾನಿಲಯವು 1882ರಲ್ಲಿ ಚೆಕ್ಕರದೆಂದೂ ಜರ್ಮನರದೆಂದೂ ಎರಡಾಯಿತು. ಜರ್ಮನರದು 1945ರಲ್ಲಿ ಮುಚ್ಚಿಹೋಯಿತು. ಕರೋಲಿನಂ ಎಂಬ ಹಳೆಯ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಬಂದೆವು. ಮೂರನೆಯ ದಿನ ದೇಯ್‌ವಿತ್ಸೆ ಬಡಾವಣೆಯಲ್ಲಿ ರವೀಂದ್ರರ ಹೆಸರಿನ ಬೀದಿಗೆ ಹೋದೆವು. ಅವರು 1921ರಲ್ಲಿಯೂ 1926ರಲ್ಲಿಯೂ ಪ್ರಾಗಿಗೆ ಬಂದಿದ್ದರು. ಬೀದಿಗೆ 'ಠಾಕುರೋವಾ' ಎಂದು ಹೆಸರಿಟ್ಟು ಅವರ ಶಿರಃಪ್ರತಿಮೆಯನ್ನೂ ಇಟ್ಟಿದ್ದಾರೆ. ಆ ಮೇಲೆ ನದಿಯ ದಡಕ್ಕೆ ಬಂದು, ಮೆಟ್ಟಿಲಿಳಿದು, ನೀರನ್ನು ಮುಟ್ಟಿದೆವು. ಮೇ ತಿಂಗಳಾದರೂ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಚಳಿಯ ವಿಷಯದಲ್ಲಿ ಗುರುಗಳು ಹೇಳಿದ್ದು ಸರಿಯೇ.

ಅರಮನೆಯ ಗುಡ್ಡಕ್ಕೆ ಏರುವ ನೆರುದೋವಾ ಬೀದಿಯಲ್ಲಿ ಮನೆಗಳಿಗೆ ಸಂಖ್ಯೆಗಳು ಬರುವ ಮುಂಚಿನ ಗುರುತುಗಳು ಬಾಗಿಲ ಮೇಲೆ ಇನ್ನೂ ಇವೆ: ಒಂದು ಮನೆಗೆ ಮೂರು ಪಿಟೀಲುಗಳು, ಇನ್ನೊಂದಕ್ಕೆ ಎರಡು ಸೂರ್ಯರು. ಯಾನ್ ನೆರುದಾ ಎಂಬ ಚೆಕ್ ಸಾಹಿತಿ ವಾಸವಾಗಿದ್ದ ಆ ಮನೆಗೆ 'ಎರಡು ಸೂರ್ಯರ ಬಳಿ' ಎಂಬರ್ಥದಲ್ಲಿ 'ಉ ದ್ವೌ ಸ್ಲುನ್ಸೂ' ಎಂದು ಹೆಸರು. ಇಲ್ಲಿನ 'ದ್ವೌ' ಷಷ್ಠಿಯ ರೂಪ. ನಮ್ಮ 'ದ್ವಯೋಃ' ಎಂಬುದರ ದಾಯಾದಿ. ಇದ್ದಿದ್ದರೆ ನಮ್ಮ ಮನೆಯವರು, "ವ್ಯಾಕರಣ ಸಾಕು, ಮೇಲಕ್ಕೆ ಹತ್ತಿ" ಎನ್ನುತ್ತಿದ್ದರು. ಹತ್ತಿದೆವು. ಮೇಲಿನಿಂದ ಕೆಂಪು ಹಂಚಿನ ಮಾಡುಗಳೂ ನದಿಯೂ ಸೇತುವೆಗಳೂ ಒಟ್ಟಿಗೆ ಕಾಣುತ್ತವೆ. ಬಹಳ ಚೆಲುವಾದ ನೋಟ.

31ರ ಬೆಳಗ್ಗೆ ಗಾಡಿಗೆ ಮುಂಚೆ ರೊಟ್ಟಿಯ ಅಂಗಡಿಗೆ ಕೊನೆಯ ಸಲ ಹೋದೆವು. ಜೇಬಿನಲ್ಲಿ ಉಳಿದಿದ್ದ ಚಿಲ್ಲರೆಯನ್ನು ಎಣಿಸಿ ಹಲಗೆಯ ಮೇಲಿಟ್ಟೆವು. ನಾವು ಬಾಯಿ ತೆರೆಯುವ ಮೊದಲೇ ಅಂಗಡಿಯ ಹೆಂಗಸು, "ದ್ವ್ಯೆ?" ಎಂದು ಕೇಳಿದಳು. ಹೌದೆಂದೆವು.